ಸುತ್ತುವುದೇ ಜಾಸ್ತಿ, ಸೇದುವುದು ಕಮ್ಮಿ

ಸಿಗರೇಟ್ ಬಿಡೋಕೆ ಮನಸ್ಸು ಗಟ್ಟಿ ಇದ್ದರೆ ಸಾಕು ಅಂತ ದೊಡ್ಡವರು ಹೇಳುತ್ತಾರೆ. ಸಿಗರೇಟ್ ಬಿಟ್ಟು ವೇಪ್ ಅನ್ನುವ ಎಲೆಕ್ಟ್ರಾನಿಕ್ ಸಿಗರೇಟ್ ಹಿಡಿದ ನಮ್ಮ ಕಿಟ್ಟಿ ಇದನ್ನು ಒಪ್ಪುವುದಿಲ್ಲ. ಅವನ ಪ್ರಕಾರ ಸಣ್ಣ ಸ್ಕ್ರೂಡ್ರೈವರ್ ಬೇಕು, ಕಟರ್ ಬೇಕು, ಚಿಮಟ ಬೇಕು. ನಿಕ್ರೋಮ್ ತಂತಿ, ಹತ್ತಿ, ಓಮ್ ಅಳೆಯುವ ಮೀಟರ್, ಬ್ಯಾಟರಿ, ಚಾರ್ಜರ್ ಬೇಕು. ಕೊನೆಗೆ ಒಂದು ರೋಲ್ ಟಿಶ್ಯೂ ಪೇಪರ್.

"ಟಿಶ್ಯೂ ಯಾಕೋ?" ಅಂದೆ.

"ಸೋರುತ್ತೆ ಕಣೋ."

ಕಿಟ್ಟಿ ಇರುವುದು ಲೆಸ್ಟರ್‌ನಲ್ಲಿ. ನಮಗೆ ಇಂಗ್ಲೆಂಡಿನ ಯಾವ ಊರಾದರೂ ಲಂಡನ್ನೇ, ಹಾಗಾಗಿ ಅವನು ಲಂಡನ್ ಕಿಟ್ಟಿ. ರಜೆಗೆ ತುಮಕೂರಿಗೆ ಬಂದವನು ಸಂಜೆ ರಾಜಣ್ಣನ ಮೋಟಾರ್ ವೈಂಡಿಂಗ್ ಅಂಗಡಿಯ ಬೆಂಚಿನ ಮೇಲೆ ಸಿಕ್ಕಿದ. ಬೆಂಚಿನ ಕಾಯಂ ಸದಸ್ಯರು ನಾವು ನಾಲ್ಕು ಜನ. ಅಂಗಡಿಯ ಯಜಮಾನ ರಾಜಣ್ಣ, ಕೊಬ್ಬರಿ ವ್ಯಾಪಾರದ ಮಂಜ, ಎಚ್‌ಎಂಟಿ ಸಾರ್, ಮತ್ತೆ ನಾನು. ಎಚ್‌ಎಂಟಿ ಸಾರ್ ನಮ್ಮೂರ ವಾಚ್ ಫ್ಯಾಕ್ಟರಿಯ ಅಸೆಂಬ್ಲಿ ವಿಭಾಗದಲ್ಲಿ ಇದ್ದವರು. ಫ್ಯಾಕ್ಟರಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ಸಾರ್ ಮಾತ್ರ ಇವತ್ತಿಗೂ ಶರ್ಟಿನ ಜೇಬಲ್ಲಿ ಪೆನ್ನಿನ ಪಕ್ಕ ಚಿಮಟ ಇಟ್ಟುಕೊಂಡೇ ಮನೆಯಿಂದ ಹೊರಡುತ್ತಾರೆ.

ಮಾತು ಶುರುವಾಗಿದ್ದು ಮಂಜನಿಂದ. ಫಾರಿನ್‌ನಿಂದ ಬಂದವನು ಪ್ಯಾಕ್ ತಂದಿರುತ್ತಾನೆ ಅಂತ ಕೈ ಚಾಚಿದ. ಕಿಟ್ಟಿ ಒಂದು ನಿಕೋಟಿನ್ ಗಮ್ ಕೊಟ್ಟ.

"ಇದೇನೋ ಚೂಯಿಂಗ್ ಗಮ್ಮು?"

"ಸಿಗರೇಟ್ ಬಿಟ್ಟೆ. ಅಲ್ಲಿ ಒಂದು ಪ್ಯಾಕಿಗೆ 15 ಪೌಂಡ್ ದಾಟುತ್ತೆ."

ಮಂಜ ವ್ಯಾಪಾರದವನು. ತಕ್ಷಣ ಲೆಕ್ಕ ಹಾಕಿದ. "ಅಂದ್ರೆ ಸಾವಿರದೈನೂರರ ಮೇಲೆ. ಇಪ್ಪತ್ತು ಸಿಗರೇಟು. ಒಂದಕ್ಕೆ ಎಪ್ಪತ್ತೈದು ರೂಪಾಯಿ! ಲೋ, ಅದನ್ನ ಸೇದ್ತಾರಾ, ಇಲ್ಲಾ ಬ್ಯಾಂಕಲ್ಲಿ ಇಡ್ತಾರಾ?"

ಮೊದಮೊದಲು ಕಿಟ್ಟಿ ಬಳಸಿ ಬಿಸಾಡುವ ವೇಪ್ ಸೇದುತ್ತಿದ್ದನಂತೆ. 2025ರ ಜೂನ್ 1ರಿಂದ ಅಲ್ಲಿ ಅಂಥವುಗಳ ಮಾರಾಟ ಬಂದ್ ಆಯಿತು. ಬ್ಯಾಟರಿ ಸಮೇತ ಕಸಕ್ಕೆ ಹೋಗುತ್ತಿದ್ದವು, ಜೊತೆಗೆ ಚಿಕ್ಕ ಹುಡುಗರ ಕೈಗೂ ಸಿಗುತ್ತಿದ್ದವು. ಆಗ ಅಂಗಡಿಯವನು ಇವನಿಗೆ ಒಂದು ರೀಬಿಲ್ಡಬಲ್ ಟ್ಯಾಂಕ್ ತೋರಿಸಿದ, ಅಂದರೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ವೇಪ್ ಟ್ಯಾಂಕು. ಅದಕ್ಕೆ ನಿಕೋಟಿನ್ ರಸ ತುಂಬುತ್ತಾರೆ, ಹತ್ತಿ ರಸ ಹೀರುತ್ತದೆ, ಬಿಸಿ ಕಾಯಿಲ್ ಅದನ್ನು ಹೊಗೆ ಮಾಡುತ್ತದೆ. ಬಿಸಾಡುವ ಮಾತೇ ಇಲ್ಲ. ಒಳಗಿನ ಕಾಯಿಲ್ ಸುಟ್ಟರೆ ತಂತಿ ನೀನೇ ಸುತ್ತಿಕೊಳ್ಳಬೇಕು, ಹತ್ತಿ ನೀನೇ ತುಂಬಿಕೊಳ್ಳಬೇಕು.

'ಕಾಯಿಲ್', 'ಸುಟ್ಟರೆ', 'ಸುತ್ತು'. ಈ ಮೂರು ಮಾತು ಕೇಳಿ ರಾಜಣ್ಣ ಕೈಯಲ್ಲಿದ್ದ ಸ್ಟೇಟರ್ ಕೆಳಗಿಟ್ಟ. ಅಲ್ಲಿಯವರೆಗೆ ಅವನಿಗೆ ಇದು ಹೊಗೆ ವಿಷಯ. ಈಗ ಕಸುಬಿನ ವಿಷಯ.

"ತೆಗಿ ಮತ್ತೆ, ನೋಡೋಣ."

"ಇಲ್ಲ ರಾಜಣ್ಣ, ಅಲ್ಲೇ ಬಿಟ್ಟು ಬಂದೆ. ಇಲ್ಲಿ ಬ್ಯಾನ್ ಅಲ್ವಾ?"

"ಹಂಗಾದ್ರೆ ಇರೋದ್ರಲ್ಲೇ ತೋರಿಸು."

ತೋರಿಸುವುದಕ್ಕೆ ಸಾಮಾನಿಗೇನು ಬರ ಇಲ್ಲ, ವೈಂಡಿಂಗ್ ಅಂಗಡಿ. ಮಂಜ ನೆಲದ ಮೇಲೆ ಬಿದ್ದಿದ್ದ ತಾಮ್ರದ ತುಂಡು ಎತ್ತಿಕೊಟ್ಟ. ರಾಜಣ್ಣ ಅದನ್ನು ಕಿತ್ತುಕೊಂಡು ಬಿಸಾಡಿದ. "ತಾಮ್ರದಲ್ಲಿ ಮಾಡಿದ್ರೆ ನೇರ ಶಾರ್ಟು ಕಣಪ್ಪಾ. ನಿಕ್ರೋಮ್‌ಗಿಂತ ಅರವತ್ತು ಪಟ್ಟಿಗೂ ಮೇಲೆ ರೆಸಿಸ್ಟೆನ್ಸ್ ಕಮ್ಮಿ. ಬ್ಯಾಟರಿ ಜೇಬಲ್ಲಿರುತ್ತೆ ಅನ್ನೋದು ಜ್ಞಾಪಕ ಇರಲಿ." ಒಳಗಿನಿಂದ ಹಳೇ ಹೀಟರ್ ಕಾಯಿಲ್ ತಂದ, ಅದು ನಿಕ್ರೋಮ್. ಒಂದು ತುದಿ ವೈಸಿಗೆ ಕಚ್ಚಿಸಿ ಎಳೆದು ನೆಟ್ಟಗೆ ಮಾಡಿದ. ಕಿಟ್ಟಿ ಹೇಳಿದ ಹಾಗೆ 3 ಎಂಎಂ ಡ್ರಿಲ್ ಬಿಟ್ಟಿನ ಹಿಡಿಯ ಮೇಲೆ ಆರು ಸುತ್ತು ಸುತ್ತಿದ. ನೋಡಬೇಕು ಆ ಕೈ. ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಹಿಡಿದು ಬಿಟ್ಟನ್ನು ತಿರುಗಿಸುತ್ತಾನೆ, ತಂತಿಯನ್ನಲ್ಲ. ಸುತ್ತಿಗೆ ಸುತ್ತು ತಾಗಿ ಕೂತಿತ್ತು. ಒಂದು ಕೂದಲು ತೂರುವಷ್ಟೂ ಸಂದಿ ಇಲ್ಲ.

ಕಿಟ್ಟಿ ಬಾಯಿ ಬಿಟ್ಟುಕೊಂಡು ನೋಡಿದ. "ರಾಜಣ್ಣ, ಇಷ್ಟು ನೀಟಾಗಿ ಕಲಿಯೋಕೆ ನಾನು ಎಷ್ಟು ವಿಡಿಯೋ ನೋಡಿದೆ ಗೊತ್ತಾ?"

"ವಿಡಿಯೋ ನೋಡಿ ಈಜು ಕಲಿತಂಗೆ. ಎಷ್ಟು ಓಮ್ ಬರಬೇಕು?"

"26 ಗೇಜಲ್ಲಿ ನಂದು ಪಾಯಿಂಟ್ ಆರು ಬರುತ್ತೆ."

ರಾಜಣ್ಣ ಮೀಟರ್ ಇಟ್ಟ. 0.7 ತೋರಿಸಿತು. ಮೀಟರಿನ ಎರಡು ಮುಳ್ಳು ಒಂದಕ್ಕೊಂದು ತಾಗಿಸಿದ, 0.2 ಬಂತು. "ಇದು ಮೀಟರ್ ವೈರಿಂದು. ಕಳೆದ್ರೆ ಪಾಯಿಂಟ್ ಐದು." ಕಿಟ್ಟಿ ಒಪ್ಪಲಿಲ್ಲ. ಅಷ್ಟೇ ಗೇಜು, ಅಷ್ಟೇ ಸುತ್ತು, ಪಾಯಿಂಟ್ ಆರೇ ಬರಬೇಕು ಅಂತ ಹಟ ಹಿಡಿದ. ಐದೋ ಆರೋ ಅಂತ ಒಂದು ಟೀ ಮುಗಿಯುವವರೆಗೂ ಜಗಳ ನಡೆಯಿತು. ಮಂಜ ಮಧ್ಯೆ ಬಂದು ಐದೂವರೆಗೆ ರಾಜಿ ಮಾಡಿಕೊಳ್ಳಿ ಅಂದ.

ಕೊನೆಗೆ ರಾಜಣ್ಣನಿಗೇ ಹೊಳೆಯಿತು. "ನಿನ್ನ ಗೇಜ್ ಯಾವ್ದು? ಅಮೆರಿಕದ್ದಾ?"

"ಹೂಂ, ಎಡಬ್ಲ್ಯುಜಿ."

"ನಮ್ದು ಎಸ್‌ಡಬ್ಲ್ಯುಜಿ. ನಮ್ಮ 26 ಅಂದ್ರೆ ಪಾಯಿಂಟ್ ನಾಲ್ಕು ಐದು ಏಳು ಎಂಎಂ ದಪ್ಪ. ನಿಮ್ಮ 26 ಪಾಯಿಂಟ್ ನಾಲ್ಕು ಸೊನ್ನೆ ಐದು. ದಪ್ಪ ಜಾಸ್ತಿ ಆದ್ರೆ ಓಮ್ ಕಮ್ಮಿ. ನೀನೂ ಸರಿ, ನಾನೂ ಸರಿ. ನಾನು ಸ್ವಲ್ಪ ಜಾಸ್ತಿ ಸರಿ."

ಆಮೇಲೆ ಬ್ಯಾಟರಿ ಲೆಕ್ಕ. 18650 ಅನ್ನುವ ಸೆಲ್ಲು, 18 ಎಂಎಂ ಅಗಲ, 65 ಎಂಎಂ ಉದ್ದ. ಫುಲ್ ಚಾರ್ಜಿನಲ್ಲಿ 4.2 ವೋಲ್ಟ್. ಪಾಯಿಂಟ್ ಆರರಿಂದ ಭಾಗಿಸಿದರೆ 7 ಆಂಪ್. ರಾಜಣ್ಣ ಪೆನ್ಸಿಲ್ ಕೆಳಗಿಟ್ಟು ಕಿಟ್ಟಿಯ ಮುಖವನ್ನೇ ನೋಡಿದ.

"ನಮ್ಮ 5 ಎಚ್‌ಪಿ ತ್ರೀಫೇಸ್ ಮೋಟಾರ್ ಏಳೆಂಟು ಆಂಪ್ ಎಳೆಯುತ್ತೆ. ಅದು ತೋಟಕ್ಕೆ ನೀರು ಹಾಯಿಸುತ್ತೆ. ನಿಂದು ಏನಪ್ಪಾ ಹಾಯಿಸುತ್ತೆ?"

"ಅದು ನಾನೂರು ವೋಲ್ಟು ರಾಜಣ್ಣ, ಇದು ನಾಲ್ಕು. ಬರೀ 29 ವ್ಯಾಟು."

"ಅದೂ ಸರಿ ಅನ್ನು. ಓಮ್ ಇನ್ನೂ ಇಳಿಸಿದ್ರೆ?"

ಪಾಯಿಂಟ್ ಒಂದಕ್ಕೆ ಇಳಿಸಿದರೆ 42 ಆಂಪ್. 20 ಆಂಪ್ ತಡೆಯುವ ಸೆಲ್ಲಿಗೆ ಅದು ಸಾವು. ಬ್ಯಾಟರಿ ಕೂರಿಸುವ ಡಬ್ಬಿಯಲ್ಲಿ ಚಿಪ್ ಇದ್ದರೆ ಶಾರ್ಟ್ ಅಂತ ಪರದೆ ಮೇಲೆ ತೋರಿಸಿ ಸುಮ್ಮನಾಗುತ್ತದೆ. ಚಿಪ್ ಇಲ್ಲದ ಮೆಕ್ಯಾನಿಕಲ್ ಡಬ್ಬಿಗಳೂ ಇವೆ. ಅವು ಏನೂ ಹೇಳುವುದಿಲ್ಲ, ಸೀದಾ ಕೆಲಸ ಮುಗಿಸುತ್ತವೆ. ಹೊಗೆ ದಟ್ಟವಾಗಿ ಬರಲಿ ಅಂತ ಓಮ್ ಇಳಿಸುತ್ತಾ ಹೋಗುವ ಹುಡುಗರು ಅಲ್ಲಿ ಇದ್ದಾರಂತೆ. ಸ್ಟಾರ್ಟರ್ ಬೈಪಾಸ್ ಮಾಡಿ ಮೋಟಾರ್ ಓಡಿಸುವವರು ನಮ್ಮಲ್ಲೂ ಇದ್ದಾರೆ ಅಂದ ರಾಜಣ್ಣ. ಅವರಿಂದಲೇ ಅವನ ಅಂಗಡಿ ನಡೆಯುವುದು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಹತ್ತಿಯ ಸರದಿ ಬಂತು. ದೇವರ ಫೋಟೋ ಕೆಳಗಿದ್ದ ಪ್ಯಾಕಿನಿಂದ ಒಂದು ದೀಪದ ಬತ್ತಿ ಬಂತು. ಅಲ್ಲಿಯವರೆಗೆ ಪೇಪರ್ ಓದುತ್ತಿದ್ದ ಎಚ್‌ಎಂಟಿ ಸಾರ್ ಕನ್ನಡಕ ಸರಿಮಾಡಿಕೊಂಡು ಜೇಬಿನಿಂದ ಚಿಮಟ ತೆಗೆದರು. ಬತ್ತಿಯ ತುದಿಯನ್ನು ಹೊಸೆದು ಚೂಪು ಮಾಡಿ ಕಾಯಿಲ್ ಒಳಗೆ ತೂರಿಸಿದರು. ನಿಧಾನ ಎಳೆದರು. ಎಳೆಯುವಾಗ ಕಾಯಿಲ್ ಸ್ವಲ್ಪ ಜಗ್ಗಿತು.

"ಅಷ್ಟೇ ಸಾರ್! ಕರೆಕ್ಟ್! ಹತ್ತಿ ಸರಿಯಾಗಿದೆ ಅನ್ನೋಕೆ ಅದೇ ಗುರುತು," ಅಂತ ಕಿಟ್ಟಿ ಕೂಗಿದ. "ನಂಗೆ ಇದೊಂದೇ ಬಹಳ ದಿನ ಬರಲಿಲ್ಲ."

ಹತ್ತಿ ಬಿಗಿಯಾದರೆ ರಸ ಒಳಕ್ಕೆ ಬರುವುದಿಲ್ಲ, ಒಣ ಹತ್ತಿ ಸುಡುತ್ತದೆ. ಅದನ್ನು ಡ್ರೈ ಹಿಟ್ ಅನ್ನುತ್ತಾರೆ. ಕಿಟ್ಟಿಯ ಮೊದಲ ದಮ್ಮೇ ಅದು. ಉರಿಯುವ ಊದುಬತ್ತಿ ನುಂಗಿದ ಹಾಗಾಯಿತಂತೆ. ಕೆಮ್ಮು ಕೇಳಿ ಪಕ್ಕದ ಮನೆಯ ಗುಜರಾತಿ ಅಜ್ಜಿ ಕಷಾಯ ತಂದುಕೊಟ್ಟರಂತೆ. ಬುದ್ಧಿ ಬಂತು ಅಂತ ಮುಂದಿನ ಸಲ ಹತ್ತಿ ಸಡಿಲ ಹಾಕಿದ. ಆಗ ರಸವೆಲ್ಲ ಗಾಳಿತೂತಿನಿಂದ ಪ್ಯಾಂಟಿನ ಜೇಬಿಗೆ ಇಳಿಯಿತು. ಮಾವಿನಹಣ್ಣಿನ ಫ್ಲೇವರ್ ಬೇರೆ. ಆಫೀಸಿನ ಮೀಟಿಂಗ್ ಪೂರ್ತಿ ಎಲ್ಲರೂ ಮೂಗು ಎಳೆಯುತ್ತಾ ಮಾವು ಎಲ್ಲಿದೆ ಅಂತ ಹುಡುಕಿದರಂತೆ. ಇವನೂ ಜೊತೆಗೆ ಹುಡುಕಿದನಂತೆ.

"ರಸ ಅಂತೀಯಲ್ಲ, ಏನು ಅದು?" ಸಾರ್ ಕೇಳಿದರು.

"ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ನಿಕೋಟಿನ್."

"ಗ್ಲಿಸರಿನ್ ಅಂದ್ರೆ ಬಾಯಿ ಹುಣ್ಣಿಗೆ ಹಚ್ಚೋದು?" ಅಂತ ಮಂಜ ಕೇಳಿದ.

"ಅದೇ."

"ಹಂಗಾದ್ರೆ ಔಷಧಿ ಅಲ್ವಾ?"

"ಔಷಧಿ ಹಚ್ಚೋದಕ್ಕೆ ಮಂಜಣ್ಣ, ಕಾಯಿಸಿ ಎದೆಗೆ ಎಳೆದುಕೊಳ್ಳೋದಕ್ಕಲ್ಲ," ಅಂದರು ಸಾರ್. "ನೀರಾವಿ ಅಂತಾರೆ ಜನ. ನೀರಾವಿ ಅಲ್ಲ ಅದು. ಸಣ್ಣ ಸಣ್ಣ ಹನಿ. ಹನಿ ಒಳಗೆ ನಿಕೋಟಿನ್."

ಅಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವ ಹಾಗಿಲ್ಲ. ನಿಕೋಟಿನ್ ಇರುವ ಬಾಟಲಿ 10 ಎಂಎಲ್‌ಗಿಂತ ದೊಡ್ಡದು ಇರುವ ಹಾಗಿಲ್ಲ. ಅದಕ್ಕೆ ಅಂಗಡಿಯವರು ನಿಕೋಟಿನ್ ಇಲ್ಲದ 50 ಎಂಎಲ್ ರಸವನ್ನು ದೊಡ್ಡ ಬಾಟಲಿಯಲ್ಲಿ ಜಾಗ ಬಿಟ್ಟು ಮಾರುತ್ತಾರೆ. 18 ಮಿಲಿಗ್ರಾಂನ ಒಂದು 10 ಎಂಎಲ್ ಬಾಟಲಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಮನೆಗೆ ಹೋಗಿ ಸುರಿದುಕೊಂಡು ಕುಲುಕಿದರೆ 3 ಮಿಲಿಗ್ರಾಂನ 60 ಎಂಎಲ್ ತಯಾರು. ಮಂಜ ಇದನ್ನು ಕೇಳಿ ಬಹಳ ಸಂತೋಷಪಟ್ಟ. ಲಂಡನ್ನಿನವರಿಗೂ ವ್ಯಾಪಾರ ಬರುತ್ತೆ ಅಂದ.

ಆ ಸಂತೋಷದಲ್ಲೇ ಫೋನ್ ತೆಗೆದು ನಮ್ಮ ಕಾನೂನು ಹುಡುಕಿದ. 2019ರ ಕಾಯ್ದೆ. ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ. ಜೋರಾಗಿ ಓದಿದ. "ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು. ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಮತ್ತೆ ಸಿಕ್ಕಿಬಿದ್ರೆ 3 ವರ್ಷ, 5 ಲಕ್ಷ. ದಾಸ್ತಾನಿಗೆ ಬೇರೆ, 6 ತಿಂಗಳು ಇಲ್ಲಾ 50 ಸಾವಿರ. ಲೋ, ಸೇದೋದು ಪಟ್ಟಿಯಲ್ಲೇ ಇಲ್ಲ!"

"ತರೋ ಹಾಗಿಲ್ಲ, ಮಾರೋ ಹಾಗಿಲ್ಲ, ಕೂಡಿಡೋ ಹಾಗಿಲ್ಲ. ಸೇದೋದು ಏನನ್ನ, ನಿನ್ನ ಬೆರಳನ್ನಾ?" ಅಂದರು ಸಾರ್.

"ಇರಿ ಸಾರ್, ಇನ್ನೂ ಇದೆ. ಪೂರ್ತಿ ಸಾಮಾನಾಗಲಿ, ಅದರ ಯಾವುದೇ ಭಾಗವಾಗಲಿ..."

ಬೆಂಚು ತಣ್ಣಗಾಯಿತು. ಎಲ್ಲರೂ ರಾಜಣ್ಣನ ಅಂಗೈ ನೋಡಿದೆವು. ಅಂಗೈಯಲ್ಲಿ ಆರು ಸುತ್ತಿನ ಕಾಯಿಲ್, ಅದರೊಳಗೆ ಬತ್ತಿ.

"ತಯಾರಿಕೆ ರಾಜಣ್ಣಂದು," ಅಂದ ಮಂಜ. "ಜೋಡಣೆ ಸಾರ್‌ದು. ಸಲಹೆ ಕಿಟ್ಟಿದು. ನಾನು ಬರೀ ಟೀ ಕುಡಿಯೋಕೆ ಬಂದವನು."

ರಾಜಣ್ಣ ಅಷ್ಟು ಬೇಗ ವೈಂಡಿಂಗ್ ಬಿಚ್ಚಿದ್ದನ್ನು ನಾನು ಯಾವತ್ತೂ ನೋಡಿಲ್ಲ. ತಂತಿ ಮತ್ತೆ ಹೀಟರ್ ತಂತಿಯಾಯಿತು. ಸಾರ್ ಬತ್ತಿಯನ್ನು ಚಿಮಟದಲ್ಲೇ ಎತ್ತಿಕೊಂಡು ಹೋಗಿ ದೇವರ ದೀಪಕ್ಕೆ ಹಾಕಿ ಹಚ್ಚಿದರು. ಸಾಕ್ಷಿ ನಾಶ ಅಂತ ಮಂಜ ಅದನ್ನೂ ಆಡಿಕೊಂಡ.

ಭಯ ಇಳಿದ ಮೇಲೆ ವಾದ ಏರಿತು. ಬೀಡಿ ಪ್ರತಿ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತೆ, ಸಿಗರೇಟು ಸಿಗುತ್ತೆ, ಇದೊಂದಕ್ಕೆ ಜೈಲಾ ಅಂತ ಮಂಜ. ಅಲ್ಲಿ ಸರ್ಕಾರವೇ 2023ರಲ್ಲಿ ಹತ್ತು ಲಕ್ಷ ಜನ ಸಿಗರೇಟು ಬಿಡಲಿ ಅಂತ ವೇಪ್ ಕಿಟ್ ಕೊಡುವ ಯೋಜನೆ ತಂತು, ಸಿಗರೇಟಿಗಿಂತ ಹಾನಿ ಕಮ್ಮಿ ಅಂತ ಅಲ್ಲಿನ ಡಾಕ್ಟರೇ ಹೇಳುತ್ತಾರೆ ಅಂತ ಕಿಟ್ಟಿ. ಕಮ್ಮಿ ಅಂದರೆ ಇಲ್ಲ ಅಂತಲ್ಲ, ಮೊದಲೇ ಸೇದುವವನಿಗೆ ಆ ಮಾತು, ಸೇದದ ಹುಡುಗನಿಗೆ ಮಾವಿನಹಣ್ಣಿನ ವಾಸನೆ ತೋರಿಸಿ ಹೊಸ ಚಟ ಹತ್ತಿಸೋದಲ್ಲ ಅಂತ ಸಾರ್. ನನಗೆ ಸಾರ್ ಮಾತು ಹೆಚ್ಚು ಸರಿ ಅನ್ನಿಸಿತು. ಮಂಜನ ಸಿಟ್ಟಿನಲ್ಲೂ ಸತ್ಯ ಇಲ್ಲದಿಲ್ಲ. ಆದರೆ ಬೀಡಿ ಕಂತೆ ಜೇಬಲ್ಲಿಟ್ಟುಕೊಂಡು ಅವನು ವಾದ ಮಾಡುತ್ತಿದ್ದ, ಅದೊಂದು ಅವನ ಕೇಸು ಕೆಡಿಸಿತು.

ಇಷ್ಟಾದರೂ ರಾಜಣ್ಣನಿಗೆ ಒಂದು ಅನುಮಾನ ಉಳಿದಿತ್ತು. "ಈಗ ನಿಕೋಟಿನ್ ಎಷ್ಟರಲ್ಲಿದ್ದೀಯಾ?"

"12ರಿಂದ ಶುರು ಮಾಡಿದೆ. 6 ಆಯ್ತು, 3 ಆಯ್ತು. ಇಲ್ಲಿಗೆ ಬರೋ ಮುಂಚೆ ಸೊನ್ನೆದೂ ತಂದೆ."

"ಸೊನ್ನೆ ಆದ್ರೆ ನಿಲ್ಲಿಸಬಹುದಿತ್ತಲ್ಲ?"

ಕಿಟ್ಟಿ ತಲೆ ಕೆರೆದುಕೊಂಡ. "ಸೇದೋದು ನಿಂತೇ ಹೋಗಿದೆ ರಾಜಣ್ಣ, ನಿಜ ಹೇಳಬೇಕು ಅಂದ್ರೆ. ದಿನಕ್ಕೆ ನಾಲ್ಕು ದಮ್ ಇಲ್ಲ. ಆದ್ರೆ ಶನಿವಾರ ಬಂದ್ರೆ ತಂತಿ ಸುತ್ತದೆ ಇರೋಕಾಗಲ್ಲ. ಮೇಜಿನ ಮೇಲೆ ಎಲ್ಲಾ ಹರಡಿಕೊಂಡು ಕೂತುಬಿಡ್ತೀನಿ. ಎರಡೆರಡು ಎಳೆ ಹೊಸೆದು ಸುತ್ತೋದು, ಕೆಂಪಗೆ ಕಾಯಿಸಿ ಮಧ್ಯದಿಂದ ಅಂಚಿಗೆ ಸಮನಾಗಿ ಉರಿಯುತ್ತಾ ನೋಡೋದು, ಬಿಚ್ಚೋದು, ಮತ್ತೆ ಸುತ್ತೋದು. ಹೆಂಡತಿ ಕೇಳ್ತಾಳೆ, ಸಿಗರೇಟೇ ವಾಸಿ ಇತ್ತು, ಐದು ನಿಮಿಷಕ್ಕೆ ಮುಗೀತಿತ್ತು ಅಂತ."

ಗಮ್ಮಿಗೆ ಈ ಚಟ ಬಿಡಿಸುವ ಶಕ್ತಿ ಇದ್ದ ಹಾಗಿಲ್ಲ. ಮಾತಾಡುತ್ತಲೇ ಅವನ ಬೆರಳುಗಳು ಬೆಂಚಿನ ಕೆಳಗಿದ್ದ ತಾಮ್ರದ ತುಂಡು ಎತ್ತಿಕೊಂಡು ಡ್ರಿಲ್ ಬಿಟ್ಟಿಗೆ ಸುತ್ತುತ್ತಿದ್ದವು. ರಾಜಣ್ಣ ಅದನ್ನು ಆಗಲೇ ನೋಡಿದ್ದ.

"ರಜೆ ಇನ್ನೂ ಎಷ್ಟು ದಿನ ಇದೆ?"

"ಮೂರು ವಾರ. ಯಾಕೆ?"

"ಬೇಸಿಗೆ ಸೀಸನ್ನು. ಒಳಗೆ ಸುಟ್ಟ ಮೋಟಾರ್ ಸಾಲಾಗಿ ನಿಂತಿವೆ. ಹುಡುಗ ಬೇರೆ ಕೆಲಸ ಬಿಟ್ಟ. ಬೆಳಿಗ್ಗೆ ಒಂಬತ್ತಕ್ಕೆ ಬಂದುಬಿಡು. ಕೂಲಿ ಕೊಡ್ತೀನಿ."

"ಪೌಂಡಲ್ಲಾ, ರೂಪಾಯಲ್ಲಾ?"

"ಬೋಂಡದಲ್ಲಿ."

ಕಿಟ್ಟಿ ಸ್ವಲ್ಪ ಯೋಚನೆ ಮಾಡಿದ. ಚಟ್ನಿ ಸೇರಿ ತಾನೇ ಅಂತ ಕೇಳಿದ.