ರೊಟ್ಟಿ ಎದೆಯಲ್ಲಿ ನಿಲ್ಲುತ್ತೆ, ಮುದ್ದೆ ಇಳಿಯುತ್ತೆ: ಇಯೋಸಿನೋಫಿಲಿಕ್ ಈಸೋಫೆಜೈಟಿಸ್ ಪ್ರಶ್ನೋತ್ತರ

ಪ್ರಶ್ನೆ: ಅನ್ನನಾಳದ ಬಯಾಪ್ಸಿಯಲ್ಲಿ (ತುಣುಕು ತೆಗೆದು ನೋಡೋ ಪರೀಕ್ಷೆ) ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ 42 ಬಂದಿದೆ. ರಕ್ತದಲ್ಲಿ ಮಾತ್ರ ನಾರ್ಮಲ್. ಚಪಾತಿ, ಕಡಕ್ ರೊಟ್ಟಿ ಎದೆಯಲ್ಲಿ ನಿಲ್ಲುತ್ತವೆ, ಮುದ್ದೆ ಸಲೀಸು. ಪ್ಯಾಂಟೊಪ್ರಜೋಲ್‌ಗೆ ಸ್ವಲ್ಪ ಕಡಿಮೆ ಆಗಿತ್ತು. ಬರೀ ಗ್ಯಾಸ್ಟ್ರಿಕ್ ಇರಬಹುದಾ?

ಉತ್ತರ (ಗ್ಯಾಸ್ಟ್ರೋ ವೈದ್ಯರು): ಆರೋಗ್ಯವಾಗಿರೋ ಅನ್ನನಾಳದಲ್ಲಿ ಈ ಕಣ ಇರೋದೇ ಇಲ್ಲ. ಸೂಕ್ಷ್ಮದರ್ಶಕದ ಒಂದು ಫೀಲ್ಡ್‌ನಲ್ಲಿ 15 ಅಥವಾ ಹೆಚ್ಚು ಸಿಕ್ಕಿ, ನುಂಗೋ ತೊಂದರೆಯೂ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದು ಇಯೋಸಿನೋಫಿಲಿಕ್ ಈಸೋಫೆಜೈಟಿಸ್, ಅಂದರೆ ಈ ಕಣ ಸೇರಿಕೊಂಡು ಆಗೋ ಅನ್ನನಾಳದ ಉರಿಯೂತ. ರಕ್ತ ನಾರ್ಮಲ್ ಇದ್ದರೂ ಬರುತ್ತೆ. ಪ್ಯಾಂಟೊಪ್ರಜೋಲ್‌ನಂಥ ಪಿಪಿಐ (ಆಸಿಡ್ ಕಡಿಮೆ ಮಾಡೋ) ಮಾತ್ರೆ ಇದಕ್ಕೂ ಔಷಧಿಯೇ, ಹಾಗಾಗಿ ಅದಕ್ಕೆ ಕಡಿಮೆಯಾಯ್ತು ಅಂತ ಆಸಿಡಿಟಿ ಅನ್ನೋಕಾಗಲ್ಲ. ಮುದ್ದೆಯನ್ನು ಸಾರಲ್ಲಿ ಹೊರಳಿಸಿ ಅಗಿಯದೆ ನುಂಗ್ತೀವಲ್ಲ, ಅದು ಅನ್ನನಾಳಕ್ಕೆ ಪರೀಕ್ಷೆಯೇ ಅಲ್ಲ. ಪ್ರತಿ ತುತ್ತಿಗೂ ನೀರು ಬೇಕಾ? ಪಂಕ್ತಿಯಲ್ಲಿ ನೀವೇ ಕೊನೆಗೆ ಏಳೋದಾ? ಮಾತ್ರೆ ಮುರಿದು ನುಂಗ್ತೀರಾ? ನಾನು ಕೇಳೋದು ಇವನ್ನ.

ರಕ್ತದಲ್ಲಿ ಇಯೋಸಿನೋಫಿಲ್ ಜಾಸ್ತಿ ಇರೋರಿಗೆ ನಮ್ಮ ಕಡೆ ಮೊದಲ ಅನುಮಾನ ಹುಳು. ಕಾಯಿಲೆ ಹೊಟ್ಟೆ, ಕರುಳಿನಲ್ಲಿದ್ದು ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್ ಮಾತ್ರೆ) ಶುರು ಮಾಡೋ ಹಾಗಿದ್ದರೆ ಸ್ಟ್ರಾಂಗಿಲಾಯ್ಡಿಸ್ ಅನ್ನೋ ಕರುಳಿನ ಹುಳುವಿನ ಪರೀಕ್ಷೆ ಬಿಡಲೇಬೇಡಿ. ಆ ಹುಳು ಒಳಗಿರುವಾಗ ಸ್ಟಿರಾಯ್ಡ್ ಕೊಟ್ಟರೆ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತು.

ಪ್ರಶ್ನೆ: ಬುಡೆಸೊನೈಡ್ ರೆಸ್ಪ್ಯೂಲ್ (ಸ್ಟಿರಾಯ್ಡ್ ದ್ರವದ ಪುಟ್ಟ ಪ್ಲಾಸ್ಟಿಕ್ ಟ್ಯೂಬ್) ನುಂಗೋಕೆ ಬರೆದುಕೊಟ್ಟಿದ್ದಾರೆ. ಪ್ಯಾಕೆಟ್ ಮೇಲೆ ನೆಬ್ಯುಲೈಸರ್‌ಗೆ ಅಂತಿದೆ. ಮೆಡಿಕಲ್ ಶಾಪಿನವರೂ ಬೇಡ ಅಂತಾರೆ.

ಉತ್ತರ: ನುಂಗೋದೇ ಸರಿ. ನೆಬ್ಯುಲೈಸರ್‌ಗೆ ಹಾಕಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತೆ, ನಮಗೆ ಅದು ಅನ್ನನಾಳದ ಗೋಡೆಗೆ ಅಂಟಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಹೊತ್ತಿಗೆ 1 ಮಿ.ಗ್ರಾಂ., ದಿನಕ್ಕೆ ಎರಡು ಹೊತ್ತು. ಅಂದರೆ 0.5 ಮಿ.ಗ್ರಾಂ.ನ ಎರಡು ರೆಸ್ಪ್ಯೂಲ್, 4 ಮಿ.ಲೀ. ಹಾಗೇ ಕುಡಿದರೆ ನೀರಿನಂತೆ ಜಾರಿ ಹೊಟ್ಟೆ ಸೇರುತ್ತೆ. ಎರಡು ಟೀ ಚಮಚ ಜೇನು ಅಥವಾ ಸುಕ್ರಲೋಸ್ (ಕೃತಕ ಸಿಹಿ) ಪುಡಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ (ವರ್ಷ ತುಂಬದ ಮಗುವಿಗೆ ಜೇನು ಕೂಡದು). ಐದು ನಿಮಿಷ ಗುಟುಕು ಗುಟುಕಾಗಿ ನುಂಗಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು. ಅರ್ಧ ಗಂಟೆ ನೀರೂ ಬೇಡ. "ಕೆಲಸ ಮಾಡ್ತಿಲ್ಲ" ಅಂತ ಬರೋರಲ್ಲಿ ಹಲವರು ಕುಡಿದ ತಕ್ಷಣ ಕಾಫಿ ಕುಡಿದಿರ್ತಾರೆ.

ಪ್ರಶ್ನೆ: ಔಷಧಿ ಬದಲು ಪಥ್ಯ ಮಾಡಬಹುದಾ? ಸ್ಕಿನ್ ಪ್ರಿಕ್ ಟೆಸ್ಟ್ (ಚರ್ಮ ಚುಚ್ಚಿ ಅಲರ್ಜಿ ನೋಡೋದು) ಮಾಡಿಸಲಾ?

ಉತ್ತರ (ಡಯಟಿಷಿಯನ್): ವೈದ್ಯರಿಗೆ ಹೇಳಿ ಮಾಡಬಹುದು. ಆದರೆ ಯಾವ ಆಹಾರ ಕಾರಣ ಅಂತ ಆ ಟೆಸ್ಟ್ ಇಲ್ಲಿ ನಂಬಿಕೆಯಿಂದ ಹೇಳಲ್ಲ, ದುಡ್ಡು ಉಳಿಸಿ. ಮೊದಲು ಹಾಲೊಂದನ್ನೇ 6ರಿಂದ 8 ವಾರ ಪೂರ್ತಿ ಬಿಡಿ. ಹಾಲು ಅಂದರೆ ಮೊಸರು, ಮಜ್ಜಿಗೆ, ಪನೀರ್, ಪೇಡ, ಬಿಸ್ಕತ್ತಿನೊಳಗಿನ ಹಾಲಿನ ಪುಡಿ, ಒಗ್ಗರಣೆಯ ತುಪ್ಪವೂ. ಇದು ಲ್ಯಾಕ್ಟೋಸ್ ಸಮಸ್ಯೆಯಲ್ಲ, ಪ್ರೋಟೀನಿನದು, ಹಾಗಾಗಿ ಲ್ಯಾಕ್ಟೋಸ್ ಇಲ್ಲದ ಹಾಲೂ ಆಗದು. ಕ್ಯಾಲ್ಸಿಯಂಗೆ ರಾಗಿ ಇದೆ: 100 ಗ್ರಾಂನಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು.

ಸಾಲದಿದ್ದರೆ ಮುಂದಿನದು ಗೋಧಿ. ಚಪಾತಿ ಬಿಟ್ಟು ರವೆ ಇಡ್ಲಿ ತಿಂದರೆ ಬಿಟ್ಟ ಹಾಗಲ್ಲ, ಗೋಧಿ ಶಾವಿಗೆಯೂ ಅಷ್ಟೇ. ಅಂಗಡಿ ಇಂಗಿನಲ್ಲೂ ಸಾಮಾನ್ಯವಾಗಿ ಮೈದಾ ಬೆರೆತಿರುತ್ತೆ, ಡಬ್ಬಿ ಓದಿ. ಅಕ್ಕಿ ರೊಟ್ಟಿ, ಜೋಳದ ರೊಟ್ಟಿ ಆಗುತ್ತೆ, ಮೆತ್ತಗಿದ್ದರೆ ಸಾಕು. ಪಥ್ಯದ ನಡುವೆ ಔಷಧಿ ಬದಲಿಸಬೇಡಿ, ಯಾವುದರಿಂದ ಗುಣವಾಯ್ತು ಅಂತ ಗೊತ್ತಾಗಲ್ಲ.

ಪ್ರಶ್ನೆ: ಎರಡು ತಿಂಗಳಿಗೆ ಪೂರ್ತಿ ಆರಾಮಾಗಿದೆ. ಮತ್ತೆ ಎಂಡೋಸ್ಕೋಪಿ ಯಾಕೆ?

ಉತ್ತರ (ವೈದ್ಯರು): ಆರಾಮ ಅನ್ನಿಸೋದಕ್ಕೂ ಒಳಗಿನ ಉರಿಯೂತಕ್ಕೂ ಎಷ್ಟೋ ಸಲ ತಾಳೆ ಇರಲ್ಲ. ಉರಿಯೂತ ಉಳಿದರೆ ವರ್ಷಗಳಲ್ಲಿ ಅನ್ನನಾಳ ಗಟ್ಟಿಯಾಗಿ ಕಿರಿದಾಗುತ್ತೆ, ಆಮೇಲೆ ಬಲೂನ್ ಹಾಕಿ ಹಿಗ್ಗಿಸೋ ಪಾಡು. 8ರಿಂದ 12 ವಾರಕ್ಕೆ ನೋಡ್ತೀವಿ, ಅನ್ನನಾಳದ ಮೇಲೆ ಕೆಳಗೆ ಎರಡೂ ಭಾಗದಿಂದ ಕನಿಷ್ಠ ಆರು ತುಣುಕು ತೆಗೀಬೇಕು. ಕಾಯಿಲೆ ತೇಪೆ ತೇಪೆಯಾಗಿರೋದರಿಂದ ಒಂದೆರಡು ತುಣುಕು ಮೋಸ ಮಾಡುತ್ತೆ. ನಾರ್ಮಲ್ ಬಂದರೂ ಔಷಧಿ ನೀವೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಹೆಚ್ಚಿನವರಿಗೆ ಮರುಕಳಿಸುತ್ತೆ.

ತುತ್ತು ಸಿಕ್ಕಿಕೊಂಡು ಎಂಜಲೂ ಇಳಿಯದಿದ್ದರೆ ಬಾಳೆಹಣ್ಣು, ಅನ್ನದ ಉಂಡೆ, ಸೋಡಾ ಯಾವುದೂ ಬೇಡ. ನೇರ ಎಂಡೋಸ್ಕೋಪಿ ಇರೋ ಆಸ್ಪತ್ರೆಗೆ ಹೋಗಿ, ತೆಗೆಯುವಾಗಲೇ ಬಯಾಪ್ಸಿ ತೆಗೀರಿ ಅಂತ ಹೇಳಿ.