1 ಟಿಬಿ ಪೆನ್‌ಡ್ರೈವ್‌ಗೆ ಹಾಕಿದ ಯಕ್ಷಗಾನ ಆಟದ ವಿಡಿಯೋ ತೆರೆಯುತ್ತಿಲ್ಲ, ದಾರಿ ಇದೆಯಾ?

ಮದ್ದಳೆಗಾರರ ಮಗ, ಬ್ರಹ್ಮಾವರ:
ನಮ್ಮ ಅಪ್ಪಯ್ಯ ಹವ್ಯಾಸಿ ಮದ್ದಳೆಗಾರರು, ವಯಸ್ಸು 71. ಈ ಸಲ ಅವರು ಕೂತ ನಾಲ್ಕು ಕಾಲಮಿತಿ (ಇಡೀ ರಾತ್ರಿ ಅಲ್ಲದ, ಕೆಲವೇ ಗಂಟೆಯ) ಆಟಗಳನ್ನು ಕ್ಯಾಮೆರಾದಲ್ಲಿ ಹಿಡಿದೆ. ಒಂದೊಂದು ಆಟ 30 ಜಿಬಿ ಹತ್ತಿರ. ಉಡುಪಿ ಪೇಟೆಯ ಗೂಡಂಗಡಿಯೊಂದರಲ್ಲಿ 700 ರೂಪಾಯಿಗೆ 1 ಟಿಬಿ ಪೆನ್‌ಡ್ರೈವ್ ಸಿಕ್ಕಿತ್ತು. ಪ್ರತಿ ಸಲ ವಿಡಿಯೋ ಅದಕ್ಕೆ ಹಾಕಿ, ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಿ ಮುಂದಿನ ಆಟಕ್ಕೆ ಹೋಗುತ್ತಿದ್ದೆ.

ಈಗ ಮೊದಲನೇ ಆಟ ಮಾತ್ರ ಪ್ಲೇ ಆಗುತ್ತದೆ. ಉಳಿದವುಗಳ ಹೆಸರಿದೆ, ಸೈಜೂ ಸರಿ ಇದೆ. ಒತ್ತಿದರೆ ಕಪ್ಪು ಪರದೆ. ಕವರಿನ ಮೇಲೆ ದೊಡ್ಡ ಕಂಪನಿಯ ಹೆಸರೇ ಇತ್ತು. ನಾಲ್ಕನೇ ಆಟದ ನಂತರ ಅಪ್ಪಯ್ಯನಿಗೆ ಬಲಗೈ ನೋವು ಬಂದು ಮದ್ದಳೆ ಮುಟ್ಟಿಲ್ಲ. ಅವರಿಗೆ ಇನ್ನೂ ಹೇಳಿಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಕಾಪು ಕಡಲು:
ಒಳ್ಳೆ ರಿಕವರಿ ಸಾಫ್ಟ್‌ವೇರ್ ಇದೆ ಮಾರಾಯ್ರೆ, ದುಬಾರಿ. ದುಡ್ಡು ಕೊಡದೆ ಓಡಿಸುವ ಕ್ರ್ಯಾಕ್ ನನ್ನ ಹತ್ತಿರ ಉಂಟು, ಕಳಿಸಲಾ?

ರಿಪೇರಿ ಅಣ್ಣ, ಮಣಿಪಾಲ:
ಕ್ರ್ಯಾಕ್ ಬೇಡ. ಅದರೊಳಗೆ ಸ್ಟಾಪ್ ಎಂಬ ರ‍್ಯಾನ್ಸಮ್‌ವೇರ್ ಬರುವುದುಂಟು, ಬಂದರೆ ಇರುವ ಫೈಲಿಗೂ ಬೀಗ ಹಾಕಿ ದುಡ್ಡು ಕೇಳುತ್ತದೆ. ಒಬ್ಬರು ಮಗಳ ಮದುವೆ ಫೋಟೋ ಹಾಗೆ ಕಳೆದುಕೊಂಡು ನನ್ನೆದುರು ಅತ್ತಿದ್ದಾರೆ.

ಅಪ್ಪಯ್ಯನ ಮಗನೇ, ನಿಮ್ಮ ಪೆನ್‌ಡ್ರೈವ್ ನಕಲಿ. ಇಂಥದ್ದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ 32 ಜಿಬಿಯ ಸಣ್ಣ ಮೆಮೊರಿ ಕಾರ್ಡನ್ನು ಗಮ್ ಹಾಕಿ ಅಂಟಿಸಿದ್ದರು. ಚಿಪ್ಪಿಗೆ 1 ಟಿಬಿ ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಫೈಲುಗಳ ಪಟ್ಟಿ ಶುರುವಿನ ಜಾಗದಲ್ಲೇ ಇರುವುದರಿಂದ ಹೆಸರು ಕಾಣುತ್ತದೆ. ಜಾಗ ತುಂಬಿದ ಮೇಲೆ ಹಾಕಿದ್ದು ಎಲ್ಲೂ ಉಳಿಯುವುದಿಲ್ಲ. ಎರಡು, ಮೂರನೇ ಆಟದ ಆಸೆ ಇಟ್ಟುಕೊಳ್ಳಬೇಡಿ.

ಆದರೆ ನಾಲ್ಕನೆಯದು ಕ್ಯಾಮೆರಾ ಕಾರ್ಡಿನಲ್ಲಿ ಇರಬಹುದು. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಪಟ್ಟಿ ಮಾತ್ರ ಅಳಿಯುತ್ತದೆ. ಆ ಕಾರ್ಡಿನಲ್ಲಿ ಇನ್ನು ಒಂದು ಫೋಟೋ ಕೂಡ ತೆಗೆಯಬೇಡಿ. ಅಳಿದ ಫೈಲು ಹುಡುಕಿ ಕೊಡುವ ಫೋಟೋರೆಕ್ ಸಾಫ್ಟ್‌ವೇರ್ ಹಾಕಿ ನೋಡಿ, ಪುಕ್ಕಟೆ ಸಿಗುತ್ತದೆ, ಕ್ರ್ಯಾಕ್ ಬೇಕಿಲ್ಲ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ. ಮುಂದೆ ಪೆನ್‌ಡ್ರೈವ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪರೀಕ್ಷೆಯ ಸಾಫ್ಟ್‌ವೇರಿನಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿ.

ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ. ಬೇರೆಯವರ ಬ್ರ್ಯಾಂಡ್ ಹೆಸರಿಟ್ಟು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇದೆ. ನೀವು ಸುಮ್ನೆ ಬಿಟ್ಟರೆ ನಾಳೆ ಇನ್ನೊಬ್ಬರು ಅದನ್ನೇ ಕೊಳ್ಳುತ್ತಾರೆ.

ಮದ್ದಳೆಗಾರರ ಮಗ, ಬ್ರಹ್ಮಾವರ:
ಅಣ್ಣಾ, ನಾಲ್ಕನೇ ಆಟ ಸಿಕ್ಕಿತು! ಹೆಸರೆಲ್ಲ ಹೋಗಿ ಬರೀ ನಂಬರ್ ಇರುವ ಒಂಬತ್ತು ತುಂಡು. ಕೊನೆಗೆ ಅಪ್ಪಯ್ಯನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಪರದೆ ನೋಡದೆ ಬರೀ ಕೇಳಿಯೇ ಯಾವುದು ಯಾವ ಭಾಗ ಅಂತ ಹೇಳಿದರು. ಕೊನೆಯ ತುಂಡಿಗೆ ಮಾತ್ರ ತಲೆ ಎತ್ತಿ, "ಇದು ಆ ದಿನದ್ದಲ್ಲ, ಅದರ ಹಿಂದಿನ ಆಟದ್ದು" ಅಂದರು. ನೋಡಿದರೆ ಹೌದು, ಮೂರನೆಯದರ ಮಂಗಳ, ಆರು ನಿಮಿಷ. ಅದನ್ನೂ ಎರಡು ಕಡೆ ಉಳಿಸಿದ್ದೇನೆ. ನಾಳೆ ಬೆಳಿಗ್ಗೆ 1915ಕ್ಕೆ ಫೋನ್ ಮಾಡುತ್ತೇನೆ.