ಮಹೋಮ್ಸ್ ಅವರ 2018ರ ಋತು: ವಾರವಾರದ ಅಂಕಿಗಳನ್ನು ಓದುವುದು ಹೇಗೆ?

ಪ್ರಶ್ನೆ: ಕೌಲ್‌ಬಜಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಅಧ್ಯಾಪಕ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮೊಬೈಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡತೊಡಗಿದ್ದು, ಭಿತ್ತಿಪತ್ರಿಕೆಯ ಮುಂದಿನ ಸಂಚಿಕೆಗೆ ಆ ಆಟದ ಬಗ್ಗೆ ಒಂದು ಲೇಖನ ಬೇಕೆಂದು ಕೇಳಿದ್ದಾರೆ. ಒಬ್ಬ ಆಟಗಾರನ ಒಂದೇ ಋತುವನ್ನು ವಾರವಾರವಾಗಿ ಬಿಡಿಸಿಟ್ಟರೆ ಆಟವೂ ಅರ್ಥವಾಗುತ್ತದೆ, ಅಂಕಿಗಳನ್ನು ಓದುವ ಅಭ್ಯಾಸವೂ ಆಗುತ್ತದೆ ಎಂಬ ಯೋಚನೆಯಿಂದ ಕನ್ಸಾಸ್ ಸಿಟಿ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ಪ್ಯಾಟ್ರಿಕ್ ಮಹೋಮ್ಸ್ ಅವರ 2018ರ ಋತುವನ್ನು ಆರಿಸಿಕೊಂಡಿದ್ದೇನೆ. ಹಿಂದಿನ ವರ್ಷ ಅಲೆಕ್ಸ್ ಸ್ಮಿತ್ ಅವರ ಹಿಂದೆ ಕಾಯ್ದು ಕುಳಿತು ಕೊನೆಯ ಪಂದ್ಯದಲ್ಲಷ್ಟೇ ಆರಂಭಿಕರಾಗಿ ಇಳಿದಿದ್ದ ಅವರು, ಆ ವರ್ಷ 16 ಪಂದ್ಯಗಳಲ್ಲಿ 5,097 ಯಾರ್ಡ್, 50 ಟಚ್‌ಡೌನ್ ಪಾಸ್ (ಎದುರಾಳಿಯ ಅಂತಿಮ ಗೆರೆಯಾಚೆ ಚೆಂಡು ತಲುಪಿಸಿ ಅಂಕ ತರುವ ಎಸೆತ) ಗಳಿಸಿ, 12 ಇಂಟರ್‌ಸೆಪ್ಷನ್ (ಎದುರಾಳಿ ನಡುವೆಯೇ ಹಿಡಿದ ಎಸೆತ) ಬಿಟ್ಟುಕೊಟ್ಟು, ಋತುವಿನ ಅತ್ಯಮೂಲ್ಯ ಆಟಗಾರ ಎಂಬ ಪ್ರಶಸ್ತಿ ಪಡೆದರು.

ಯಾರ್ಡ್ ಮತ್ತು ಟಚ್‌ಡೌನ್ ಪಾಸ್‌ಗಳನ್ನು ವಾರಕ್ರಮದಲ್ಲಿ ಕೊಡುತ್ತಿದ್ದೇನೆ: 256 ಮತ್ತು 4, 326 ಮತ್ತು 6, 314 ಮತ್ತು 3, 304 ಮತ್ತು 1, 313 ಮತ್ತು 0, 352 ಮತ್ತು 4, 358 ಮತ್ತು 4, 303 ಮತ್ತು 4, 375 ಮತ್ತು 3, 249 ಮತ್ತು 2, 478 ಮತ್ತು 6, ಹನ್ನೆರಡನೆಯ ವಾರ ಬಿಡುವು, ಬಳಿಕ 295 ಮತ್ತು 4, 377 ಮತ್ತು 2, 243 ಮತ್ತು 2, 273 ಮತ್ತು 3, 281 ಮತ್ತು 2.

ಈ ಸಾಲನ್ನು ಎಷ್ಟು ಬಾರಿ ಓದಿದರೂ ಎರಡು ಕಡೆ ನಿಂತುಬಿಡುತ್ತೇನೆ. ಐದನೆಯ ವಾರ ಒಂದೂ ಟಚ್‌ಡೌನ್ ಪಾಸ್ ಇಲ್ಲ, ಎರಡು ಇಂಟರ್‌ಸೆಪ್ಷನ್ ಇವೆ, ಆದರೂ ತಂಡ 30-14ರಿಂದ ಗೆದ್ದಿದೆ. ಹನ್ನೊಂದನೆಯ ವಾರ ಆರು ಟಚ್‌ಡೌನ್ ಪಾಸ್ ಇದ್ದರೂ 54-51ರಿಂದ ಸೋತಿದೆ. ಇವುಗಳಲ್ಲಿ ಯಾವುದನ್ನು ಒಳ್ಳೆಯ ವಾರ ಎನ್ನಬೇಕು? ಮೊದಲ ಮೂರು ವಾರಗಳಲ್ಲಿ 13 ಟಚ್‌ಡೌನ್ ಪಾಸ್, ಕೊನೆಯ ನಾಲ್ಕು ವಾರಗಳಲ್ಲಿ 9 ಮಾತ್ರ ಎಂಬುದರಿಂದ ಅವರ ಆಟ ಕೊನೆಗೆ ಇಳಿಯಿತು ಎಂದು ಬರೆಯಬಹುದೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಶಕ್ತಿನಗರ, ರಾಯಚೂರು

ಸರ್, ನಮಸ್ಕಾರ. ಹನ್ನೊಂದನೆಯ ವಾರದ ಆ ಪಂದ್ಯ ಅಮೆರಿಕದಲ್ಲಿ ಸೋಮವಾರ ಸಂಜೆ ನಡೆದದ್ದು, ನಮಗೆ ನವೆಂಬರ್ 20ರ ಮಂಗಳವಾರ ಬೆಳಿಗ್ಗೆ 6:45ಕ್ಕೆ ಶುರುವಾಯಿತು. ರಾತ್ರಿ ಪಾಳಿ ಮುಗಿಸಿ ಕ್ವಾರ್ಟರ್ಸ್‌ಗೆ ಬಂದವನು ಮಲಗದೆ, ಮೊಬೈಲ್‌ನಲ್ಲಿ ಏರುತ್ತಿದ್ದ ಸ್ಕೋರನ್ನು ಕೊನೆಯವರೆಗೂ ನೋಡಿದ್ದೆ. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಅಂದು ಮಹೋಮ್ಸ್ 46 ಪಾಸ್‌ಗಳಲ್ಲಿ 33ನ್ನು ಮುಟ್ಟಿಸಿದರು. 478 ಯಾರ್ಡ್, 6 ಟಚ್‌ಡೌನ್, 3 ಇಂಟರ್‌ಸೆಪ್ಷನ್ ಸೇರಿ ಅವರ ಪಾಸರ್ ರೇಟಿಂಗ್ 117.6 ಆಯಿತು. ಇಡೀ ಋತುವಿನ ರೇಟಿಂಗ್ 113.8 ಆಗಿರುವುದರಿಂದ ಪಟ್ಟಿ ನೋಡಿದವರಿಗೆ ಅದು ಸರಾಸರಿಗಿಂತ ಮೇಲಿನ ವಾರ. ಆದರೆ ಪಾಸರ್ ರೇಟಿಂಗ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಾಲ್ಕನ್ನು ಮಾತ್ರ: ನೂರಕ್ಕೆ ಎಷ್ಟು ಪಾಸ್ ಮುಟ್ಟಿದವು, ಒಂದು ಎಸೆತಕ್ಕೆ ಎಷ್ಟು ಯಾರ್ಡ್ ಬಂತು, ನೂರು ಎಸೆತಕ್ಕೆ ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಷನ್. ಪ್ರತಿಯೊಂದಕ್ಕೂ ಒಂದು ಮಿತಿ ಹಾಕಿರುವುದರಿಂದ ಗರಿಷ್ಠ ರೇಟಿಂಗ್ 158.3. ಕೈಯಲ್ಲಿದ್ದ ಚೆಂಡು ಕಳಚಿ ಎದುರಾಳಿಗೆ ಸಿಗುವ ಫಂಬಲ್‌ಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಅಂದು ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ ಮಹೋಮ್ಸ್ ಅವರ ಕೈಯಿಂದ ಎರಡು ಬಾರಿ ಚೆಂಡು ಬಿಡಿಸಿದರು, ಎರಡೂ ಬಾರಿ ಅದು ರ‍್ಯಾಮ್ಸ್ ಪಾಲಾಯಿತು. ಅವುಗಳಲ್ಲಿ ಒಂದನ್ನು ಸ್ಯಾಮ್ಸನ್ ಎಬುಕಾಮ್ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದರು. ಅದೇ ಎಬುಕಾಮ್ ಮಹೋಮ್ಸ್ ಅವರ ಇನ್ನೊಂದು ಪಾಸನ್ನು ನಡುವೆಯೇ ಹಿಡಿದು ಮತ್ತೊಂದು ಟಚ್‌ಡೌನ್ ಗಳಿಸಿದರು. ರ‍್ಯಾಮ್ಸ್ ಗಳಿಸಿದ 54ರಲ್ಲಿ 14 ಅಂಕ ಹೀಗೆ ಬಂದವು. ಕೊನೆಯ ಎರಡು ನಿಮಿಷಗಳಲ್ಲಿ ಮೂರು ಅಂಕಗಳಿಂದ ಹಿಂದೆ ಇದ್ದಾಗ ಇನ್ನೆರಡು ಪಾಸ್‌ಗಳು ಎದುರಾಳಿಗಳ ಕೈಸೇರಿದವು. ಒಟ್ಟು ಐದು ಬಾರಿ ಚೆಂಡು ಕಳೆದುಕೊಂಡ ಆ ವಾರವನ್ನು, ಆರು ಟಚ್‌ಡೌನ್ ಇದ್ದ ಮಾತ್ರಕ್ಕೆ ಅವರ ಶ್ರೇಷ್ಠ ವಾರ ಎಂದು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೇ ಆರು ಟಚ್‌ಡೌನ್ ಎರಡನೆಯ ವಾರ ಪಿಟ್ಸ್‌ಬರ್ಗ್‌ನಲ್ಲಿ ಬಂದಾಗ 28ರಲ್ಲಿ 23 ಪಾಸ್ ಮುಟ್ಟಿದ್ದವು, ಒಂದೂ ಇಂಟರ್‌ಸೆಪ್ಷನ್ ಇರಲಿಲ್ಲ, ರೇಟಿಂಗ್ 154.8. ಅದನ್ನು ಧೈರ್ಯವಾಗಿ ಮೇಲಿಡಬಹುದು.

ಐದನೆಯ ವಾರದ ರೇಟಿಂಗ್ 62.7. ಎದುರಿಗಿದ್ದದ್ದು ಹಿಂದಿನ ಋತುವಿನಲ್ಲಿ ತನ್ನ ರಕ್ಷಣಾ ವಿಭಾಗದ ಬಲದಿಂದ ಎಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್‌ವರೆಗೆ ಹೋಗಿದ್ದ ಜಾಕ್ಸನ್‌ವಿಲ್. ಮಹೋಮ್ಸ್ ಅಂದು ಪಾಸ್‌ನಿಂದ ಟಚ್‌ಡೌನ್ ಗಳಿಸದಿದ್ದರೂ ಒಂದನ್ನು ತಾವೇ ಓಡಿ ಗಳಿಸಿದರು, ಅದು ನಿಮ್ಮ ಪಟ್ಟಿಯಲ್ಲಿ ಇಲ್ಲ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ಲೇಕ್ ಬೋರ್ಟಲ್ಸ್ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟರು, ಅವುಗಳಲ್ಲಿ ಒಂದನ್ನು ಚೀಫ್ಸ್‌ನ ಕ್ರಿಸ್ ಜೋನ್ಸ್ ನೇರವಾಗಿ ಟಚ್‌ಡೌನ್‌ಗೆ ಒಯ್ದರು. ಅಂದಿನ ಗೆಲುವು ಹೆಚ್ಚಾಗಿ ರಕ್ಷಣಾ ವಿಭಾಗದ್ದು.

ಉತ್ತರ: ಗಂಗಾವತಿ, ಕೊಪ್ಪಳ ಜಿಲ್ಲೆ

ಶಕ್ತಿನಗರದವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ತುಂಗಭದ್ರಾ ಜಲಾಶಯದ ಮಟ್ಟ ಇಂದು ಇಷ್ಟು ಅಡಿ ಎಂದು ಪತ್ರಿಕೆಯಲ್ಲಿ ಬಂದರೆ ನಮ್ಮ ಭಾಗದ ರೈತರು ಅಷ್ಟಕ್ಕೇ ಸುಮ್ಮನಾಗದೆ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಪಕ್ಕದ ಎರಡು ಅಂಕಿಗಳನ್ನೂ ನೋಡಿಯೇ ನಾಟಿಯ ಮಾತಾಡುತ್ತಾರೆ. ಕ್ವಾರ್ಟರ್‌ಬ್ಯಾಕ್‌ನ ವಾರದ ಅಂಕಿಯ ಪಕ್ಕದಲ್ಲೂ ಹಾಗೆಯೇ ಎರಡು ವಿಷಯ ಇರಬೇಕು: ಎದುರಾಳಿ ಯಾರು, ಮತ್ತು ಚೆಂಡು ಕೈಗೆ ಬಂದಾಗ ಪಂದ್ಯ ಯಾವ ಸ್ಥಿತಿಯಲ್ಲಿತ್ತು.

ಇದಕ್ಕೆ ನಾಲ್ಕನೆಯ ವಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪಟ್ಟಿಯಲ್ಲಿ 304 ಯಾರ್ಡ್, 1 ಟಚ್‌ಡೌನ್ ಪಾಸ್ ಎಂದಿದೆ, ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ಡೆನ್ವರ್‌ನಲ್ಲಿ ನಡೆದ ಆ ಪಂದ್ಯ ನಮಗೆ ಅಕ್ಟೋಬರ್ 2ರ, ಗಾಂಧಿ ಜಯಂತಿಯ ಬೆಳಗಿನ ಜಾವಕ್ಕೆ ಬಂದಿತ್ತು. ನಾಲ್ಕನೆಯ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಕೊನೆಯ ಕಾಲು ಭಾಗದಲ್ಲಿ, ಚೀಫ್ಸ್ 23-13ರಿಂದ ಹಿಂದೆ ಇದ್ದು, ಕೊನೆಗೆ 27-23ರಿಂದ ಗೆದ್ದಿತು. ಗೆಲುವು ತಂದ ಆ ಕೊನೆಯ ಸರಣಿಯಲ್ಲಿ ಒಮ್ಮೆ ಮೂರನೆಯ ಡೌನ್‌ಗೆ (ಹತ್ತು ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದೊಂದೂ ಒಂದು ಡೌನ್) 5 ಯಾರ್ಡ್ ಬೇಕಿತ್ತು. ಎಡಕ್ಕೆ ಓಡುತ್ತಿದ್ದ ಮಹೋಮ್ಸ್ ಅವರನ್ನು ಡೆನ್ವರ್‌ನ ವಾನ್ ಮಿಲ್ಲರ್ ಇನ್ನೇನು ಕೆಡವುತ್ತಾರೆ ಎನ್ನುವಷ್ಟರಲ್ಲಿ, ಬಲಗೈ ಆಟಗಾರರಾದ ಅವರು ಚೆಂಡನ್ನು ಎಡಗೈಗೆ ಬದಲಿಸಿ ಟೈರೀಕ್ ಹಿಲ್ ಅವರಿಗೆ ಎಸೆದರು. ಸಿಕ್ಕಿದ್ದು 6 ಯಾರ್ಡ್. ಬೇಕಿದ್ದಕ್ಕಿಂತ ಒಂದೇ ಯಾರ್ಡ್ ಹೆಚ್ಚು. ಆ ಪಾಸ್ ತಪ್ಪಿದ್ದರೆ ನಾಲ್ಕನೆಯ ಡೌನ್‌ನ ಸಂಕಟ ಎದುರಾಗುತ್ತಿತ್ತು. ಮುಂದೆ ಗೆಲುವಿನ ಟಚ್‌ಡೌನನ್ನು ಕರೀಮ್ ಹಂಟ್ ಓಡಿ ಗಳಿಸಿದ್ದರಿಂದ ಅದು ಹಂಟ್ ಅವರ ಖಾತೆಗೆ ಹೋಯಿತು, ಆ ಎಡಗೈ ಪಾಸ್‌ನಿಂದ ಮಹೋಮ್ಸ್ ಅವರ ಖಾತೆಗೆ ಸೇರಿದ್ದು 6 ಯಾರ್ಡ್ ಮಾತ್ರ.

ಇದಕ್ಕೆ ತದ್ವಿರುದ್ಧವಾದದ್ದು ಮೊದಲ ವಾರ ಇದೇ ಹಿಲ್ ಅವರಿಗೆ ಹೋದ 58 ಯಾರ್ಡ್ ಟಚ್‌ಡೌನ್. ಎಸೆತ ಗಿಡ್ಡದು, ಉಳಿದ ದೂರವನ್ನೆಲ್ಲ ಹಿಲ್ ತಮ್ಮ ಕಾಲಿನ ವೇಗದಿಂದ ಕ್ರಮಿಸಿದರು. ಪಟ್ಟಿಯಲ್ಲಿ 58 ಯಾರ್ಡೂ ಕ್ವಾರ್ಟರ್‌ಬ್ಯಾಕ್ ಹೆಸರಿಗೇ. ಹೀಗಾಗಿ ಕೆಲವು ವಾರ ಅವರಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು, ಕೆಲವು ವಾರ ಕಡಿಮೆ ಸಂದಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಈ ಎರಡು ಪಾಸ್‌ಗಳ ಮೂಲಕವೇ ತೋರಿಸಬಹುದು.

ಕೌಲ್‌ಬಜಾರ್, ಬಳ್ಳಾರಿ

ಇಬ್ಬರಿಗೂ ಧನ್ಯವಾದಗಳು. ಫಂಬಲ್ ಹಾಗೂ ಸ್ವತಃ ಓಡಿ ಗಳಿಸಿದ ಟಚ್‌ಡೌನ್‌ಗಳ ಕಾಲಂಗಳನ್ನು ಸೇರಿಸುತ್ತೇನೆ. ಋತುವಿನ ಕೊನೆಯ ಭಾಗದ ಬಗ್ಗೆ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ಹಂಟ್ ಅವರನ್ನು ನವೆಂಬರ್ 30ರಂದು ತಂಡ ಕೈಬಿಟ್ಟಿತು. ಅದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆಯೇ?

ಉತ್ತರ: ಸಿಂಧನೂರು, ರಾಯಚೂರು ಜಿಲ್ಲೆ

ಕಾಣುತ್ತದೆ ಸರ್, ಆದರೆ ಒಂದೇ ದಿಕ್ಕಿನಲ್ಲಿ ಅಲ್ಲ. ನಿಮ್ಮ ಪಟ್ಟಿಯನ್ನೇ ಬಿಡುವಿನ ವಾರದ ಬಳಿ ಎರಡಾಗಿ ಮುರಿದು ಕೂಡಿಸಿದೆ. ಮೊದಲ 11 ಪಂದ್ಯಗಳಲ್ಲಿ 3,628 ಯಾರ್ಡ್, 37 ಟಚ್‌ಡೌನ್ ಪಾಸ್, ಅಂದರೆ ಪಂದ್ಯಕ್ಕೆ ಸುಮಾರು 330 ಯಾರ್ಡ್, 3.4 ಟಚ್‌ಡೌನ್. ಕೊನೆಯ 5 ಪಂದ್ಯಗಳಲ್ಲಿ 1,469 ಯಾರ್ಡ್, 13 ಟಚ್‌ಡೌನ್ ಪಾಸ್. ಪಂದ್ಯಕ್ಕೆ 294 ಯಾರ್ಡ್, 2.6 ಟಚ್‌ಡೌನ್. ಇಳಿಕೆ ನಿಜ. ಹಂಟ್ ಬರೀ ಓಟಗಾರರಾಗಿರದೆ, ಆ 37ರಲ್ಲಿ 7 ಪಾಸ್‌ಗಳನ್ನು ಹಿಡಿದು ಟಚ್‌ಡೌನ್ ಮಾಡಿದವರು ಎಂಬುದನ್ನೂ ಇಲ್ಲಿ ನೆನೆಯಬೇಕು. ಆದರೆ ಇಂಟರ್‌ಸೆಪ್ಷನ್ ನೋಡಿದರೆ ಮೊದಲ 11 ಪಂದ್ಯಗಳಲ್ಲಿ 10, ಕೊನೆಯ 5ರಲ್ಲಿ 2 ಮಾತ್ರ. ಯಾರ್ಡ್ ಕಡಿಮೆಯಾದ ಹೊತ್ತಿಗೇ ಚೆಂಡಿನ ಮೇಲಿನ ಜೋಪಾನ ಹೆಚ್ಚಿದೆ. ಆದ್ದರಿಂದ "ಆಟ ಇಳಿಯಿತು" ಎಂದು ಬರೆಯಬೇಡಿ, ದಯವಿಟ್ಟು.

ನನ್ನನ್ನು ಕೇಳಿದರೆ ಇಡೀ ಋತುವಿನಲ್ಲಿ ಅವರ ಅತ್ಯುತ್ತಮ ವಾರ ಹದಿನಾಲ್ಕನೆಯದು, ಪಿಟ್ಸ್‌ಬರ್ಗ್‌ನ ವಾರ ಅಲ್ಲ. ಎದುರಾಳಿ ಬಾಲ್ಟಿಮೋರ್ ರೇವನ್ಸ್; ಆ ಋತುವಿನಲ್ಲಿ ಲೀಗ್‌ನಲ್ಲೇ ಅತ್ಯಂತ ಕಡಿಮೆ ಯಾರ್ಡ್ ಬಿಟ್ಟುಕೊಟ್ಟ ತಂಡ. 53 ಎಸೆತ, 35 ಮುಟ್ಟಿದವು, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್. ರೇಟಿಂಗ್ ಲೆಕ್ಕ ಹಾಕಿದರೆ 91.5, ಋತುವಿನ ಸರಾಸರಿಗಿಂತ ಎಷ್ಟೋ ಕೆಳಗೆ. ಆದರೆ ಕೊನೆಯ ಎರಡು ನಿಮಿಷಗಳ ಒಳಗೆ 24-17ರಿಂದ ಹಿಂದೆ ಇದ್ದಾಗ ನಾಲ್ಕನೆಯ ಡೌನ್, ಬೇಕಾದದ್ದು 9 ಯಾರ್ಡ್. ತಪ್ಪಿದರೆ ಪಂದ್ಯ ಕೈಬಿಟ್ಟಂತೆಯೇ. ಬಲಬದಿಗೆ ಓಡುತ್ತಲೇ ಅವರು ಮೈದಾನದ ಆಚೆ ಬದಿಯಲ್ಲಿದ್ದ ಹಿಲ್ ಅವರಿಗೆ ಎಸೆದ ಪಾಸ್ 48 ಯಾರ್ಡ್ ತಂದುಕೊಟ್ಟಿತು. ಮುಂದೆ ಮತ್ತೊಂದು ನಾಲ್ಕನೆಯ ಡೌನ್‌ನಲ್ಲಿ ಡೇಮಿಯನ್ ವಿಲಿಯಮ್ಸ್ ಅವರಿಗೆ ಟಚ್‌ಡೌನ್ ಪಾಸ್. ಹೆಚ್ಚುವರಿ ಅವಧಿಯಲ್ಲಿ 27-24ರ ಗೆಲುವು. ಇದೇ ಪಂದ್ಯದಲ್ಲಿ ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ, ಡಿಮಾರ್ಕಸ್ ರಾಬಿನ್ಸನ್ ಅವರಿಗೆ, ಎಸೆದ ಪಾಸ್ ಕೂಡ ಇದೆ. ವಿದ್ಯಾರ್ಥಿಗಳಿಗೆ ಅದರ ವಿಡಿಯೊ ತೋರಿಸಿ.

ಇನ್ನೊಂದು ಲೆಕ್ಕವನ್ನು ಲೇಖನದಲ್ಲಿ ಸೇರಿಸಿದರೆ ಒಳ್ಳೆಯದು. ಚೀಫ್ಸ್ ಆ ಋತುವಿನಲ್ಲಿ 12 ಗೆದ್ದು 4 ಸೋತಿತು. ಸೋತ ಪಂದ್ಯಗಳ ಸ್ಕೋರ್ 43-40, 54-51, 29-28, 38-31. ನಾಲ್ಕೂ ಸೋಲುಗಳ ಅಂತರ ಕೂಡಿದರೆ 14 ಅಂಕ. ಆ ನಾಲ್ಕು ಪಂದ್ಯಗಳಲ್ಲಿ ಚೀಫ್ಸ್ ಗಳಿಸಿದ್ದು 150. ಇಡೀ ಋತುವಿನಲ್ಲಿ 26ಕ್ಕಿಂತ ಕಡಿಮೆ ಅಂಕ ಗಳಿಸಿದ ಪಂದ್ಯ ಒಂದೂ ಇಲ್ಲ. 565 ಅಂಕ ಗಳಿಸಿದ ತಂಡ 421 ಬಿಟ್ಟುಕೊಟ್ಟಿದೆ ಎಂದಾಗ, ಸೋಲಿನ ವಾರಗಳ ಹೊಣೆಯನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ಹೊರಿಸುವುದು ಅನ್ಯಾಯ. ಹದಿನೈದನೆಯ ವಾರ ಚಾರ್ಜರ್ಸ್ ವಿರುದ್ಧ ಅವರು ಒಂದೂ ಇಂಟರ್‌ಸೆಪ್ಷನ್ ಕೊಟ್ಟಿಲ್ಲ. ನಾಲ್ಕನೆಯ ಕ್ವಾರ್ಟರ್‌ನಲ್ಲಿ 28-14ರ ಮುನ್ನಡೆ ಇತ್ತು. ಉಳಿದದ್ದು 4 ಸೆಕೆಂಡ್ ಎನ್ನುವಾಗ ಎದುರಾಳಿಗಳು ಟಚ್‌ಡೌನ್ ಮಾಡಿ, ಒಂದು ಅಂಕದ ಕಿಕ್‌ನಿಂದ ಸಿಗುವ ಸಮಬಲಕ್ಕೆ ತೃಪ್ತರಾಗದೆ ಎರಡು ಅಂಕದ ಯತ್ನಕ್ಕೆ ಕೈಹಾಕಿ ಗೆದ್ದರು. ಆಗ ಮಹೋಮ್ಸ್ ಬೆಂಚಿನ ಬಳಿ ನಿಂತಿದ್ದರು.

ಉತ್ತರ: ಶಕ್ತಿನಗರ, ರಾಯಚೂರು

ಸಿಂಧನೂರಿನವರ ಲೆಕ್ಕವನ್ನು ಒಪ್ಪುತ್ತೇನೆ, ಒಂದು ವಿನಾಯಿತಿಯೊಂದಿಗೆ: ಹನ್ನೊಂದನೆಯ ವಾರದ ಸೋಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಪಾಲು ಇದೆ. ಮೂರು ಅಂಕದ ಸೋಲಿನಲ್ಲಿ ತಮ್ಮ ಕೈತಪ್ಪಿದ ಚೆಂಡಿನಿಂದಲೇ 14 ಅಂಕ ಎದುರಾಳಿಗೆ ಹೋಗಿರುವಾಗ ಅದನ್ನು ರಕ್ಷಣಾ ವಿಭಾಗದ ತಲೆಗೆ ಕಟ್ಟಲಾಗದು. ಹಾಗೆಯೇ ಕೊನೆಯ ವಾರದ 35-3ರ ಗೆಲುವಿಗೂ ಹೆಚ್ಚು ತೂಕ ಕೊಡಬೇಡಿ. ಎದುರಿಗಿದ್ದ ರೈಡರ್ಸ್ ಆ ಋತುವನ್ನು 4 ಗೆಲುವು, 12 ಸೋಲುಗಳೊಂದಿಗೆ ಮುಗಿಸಿದ ತಂಡ.

ಪ್ಲೇಆಫ್ ಪಂದ್ಯಗಳನ್ನು ಇದೇ ಪಟ್ಟಿಗೆ ಸೇರಿಸಬೇಡಿ ಸರ್, 5,097 ಮತ್ತು 50 ಎಂಬ ಅಂಕಿಗಳು 16 ಲೀಗ್ ಪಂದ್ಯಗಳವು. ಬೇಕಾದರೆ ಕೆಳಗೆ ಪ್ರತ್ಯೇಕವಾಗಿ ಬರೆಯಿರಿ: ಕೋಲ್ಟ್ಸ್ ವಿರುದ್ಧ 31-13ರ ಗೆಲುವು, ನಂತರ 2019ರ ಜನವರಿ 20ರಂದು ಪೇಟ್ರಿಯಟ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 37-31ರ ಸೋಲು. ಆ ಹೆಚ್ಚುವರಿ ಅವಧಿಯಲ್ಲಿ ಟಾಸ್ ಗೆದ್ದ ಪೇಟ್ರಿಯಟ್ಸ್ ಮೊದಲ ಸರಣಿಯಲ್ಲೇ ಟಚ್‌ಡೌನ್ ಮಾಡಿದ್ದರಿಂದ, ಅಂದಿನ ನಿಯಮದಂತೆ ಚೀಫ್ಸ್‌ಗೆ ಚೆಂಡು ಸಿಗಲೇ ಇಲ್ಲ. ಪ್ಲೇಆಫ್‌ನಲ್ಲಿ ಎರಡೂ ತಂಡಗಳಿಗೆ ಒಂದೊಂದು ಅವಕಾಶ ಸಿಗಬೇಕೆಂದು ನಿಯಮ ಬದಲಾದದ್ದು 2022ರಲ್ಲಿ.

ಕೌಲ್‌ಬಜಾರ್, ಬಳ್ಳಾರಿ

ಹಾಗಾದರೆ ಪ್ರತಿ ವಾರಕ್ಕೂ ಎದುರಾಳಿ, ಅಂತಿಮ ಸ್ಕೋರ್, ಓಡಿ ಗಳಿಸಿದ ಟಚ್‌ಡೌನ್, ಕಳೆದುಕೊಂಡ ಫಂಬಲ್ ಇವಿಷ್ಟನ್ನೂ ಸೇರಿಸಿ ಪಟ್ಟಿಯನ್ನು ಮತ್ತೆ ಬರೆಯುತ್ತೇನೆ. ನಾಲ್ಕನೆಯ, ಹನ್ನೊಂದನೆಯ ಮತ್ತು ಹದಿನಾಲ್ಕನೆಯ ವಾರಗಳಿಗೆ ಮಾತ್ರ ಪ್ರತ್ಯೇಕ ಟಿಪ್ಪಣಿ ಕೊಟ್ಟು, ಅತ್ಯುತ್ತಮ ವಾರ ಎರಡನೆಯದೋ ಹದಿನಾಲ್ಕನೆಯದೋ ಎಂಬುದನ್ನು ಕಾರಣಸಹಿತ ಬರೆಯುವಂತೆ ವಿದ್ಯಾರ್ಥಿಗಳಿಗೇ ಬಿಡುತ್ತೇನೆ. ಅವರ ಉತ್ತರಗಳು ಬಂದ ಮೇಲೆ ಇಲ್ಲಿಯೂ ಹಾಕುತ್ತೇನೆ.